ಹುಳ ಕುಣಿಯಲ್ಲಿ ಹುಟ್ಟುವುದಿಲ್ಲ

“ಆರಡಿ ಕುಣಿ ತೋಡಿ, ಉಪ್ಪು ವಿಭೂತಿ ಹಾಕಿ ಮಣ್ಣು ಮಾಡಿದ ಮ್ಯಾಲೂ ಹೆಣಕ್ಕ ಹುಳ ಎಲ್ಲಿಂದ ಬರ್ತಾವ್ರೀ? ಪಾಪ ಮಾಡಿದವರಿಗೆ ಮಾತ್ರ ಬರ್ತಾವಂತ, ಖರೇನ?” ಕುಷ್ಟಗಿ ಕಡೆಯ ಓದುಗರೊಬ್ಬರ ಪ್ರಶ್ನೆ.

ಮೊದಲು ಪಾಪದ ಮಾತು ಮುಗಿಸೋಣ. “ಹುಳ ಬಿದ್ದು ಸಾಯ್ತಿ” ಎಂದು ಜಗಳದಲ್ಲಿ ಶಾಪ ಹಾಕಿದವರಿಗೂ ಶಾಪ ತಿಂದವರಿಗೂ ಕೊನೆಗೆ ಮುತ್ತುವುದು ಅದೇ ನೊಣ. ಮಾಂಸದಲ್ಲಿ ಹುಳ ತಾನಾಗಿ ಹುಟ್ಟುವುದಿಲ್ಲವೆಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ತೋರಿಸಿಕೊಟ್ಟ. ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟಿದ; ಒಳಗಿನ ಮಾಂಸ ಕೊಳೆಯಿತು, ಹುಳ ಮಾತ್ರ ಆಗಲಿಲ್ಲ. ನೊಣಕ್ಕೆ ಮೊಟ್ಟೆ ಇಡಲು ದಾರಿ ಸಿಗಲಿಲ್ಲ, ಅಷ್ಟೇ. ಇಷ್ಟು ವರ್ಷವಾದರೂ ನಾವಿನ್ನೂ ಕರ್ಮದ ಮೇಲೆ ಹಾಕುತ್ತಿದ್ದೇವೆ!

ಹುಳದ ಕತೆ ಶುರುವಾಗುವುದು ಪಡಸಾಲೆಯಲ್ಲಿ. ಬೆಂಗಳೂರಿನಿಂದ ಮಗ ಬರಲಿ ಎಂದು ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ಭಜನೆ ಮಾಡುತ್ತಿರುತ್ತೇವೆ. ಹಗಲಾದರೆ ಅಷ್ಟರಲ್ಲೇ ನೀಲಿ-ಹಸಿರು ಮೈಯ, ದೊಡ್ಡ ಕೆಂಪು ಕಣ್ಣಿನ ಕ್ರೈಸೋಮಿಯಾ ನೊಣ ಬಂದು ಕಣ್ಣು, ಮೂಗು, ತುಟಿಯಂಚಿನಲ್ಲಿ ಮೊಟ್ಟೆ ಇಟ್ಟಿರಬಹುದು. ಯಲಬುರ್ಗಾ ರಸ್ತೆಯ ಬದಿಗೆ ಸತ್ತು ಬಿದ್ದ ಆಡೊಂದನ್ನು ಬಗ್ಗಿ ನೋಡಿದ್ದೇನೆ. ಹೊಟ್ಟೆ ಇನ್ನೂ ಉಬ್ಬಿರಲಿಲ್ಲ, ಆಗಲೇ ಕಣ್ಣಿನ ಮೂಲೆಯಲ್ಲಿ ಬಿಳಿ ಮೊಟ್ಟೆಗಳು ಗುಪ್ಪೆಯಾಗಿ ಅಂಟಿದ್ದವು. ನಮ್ಮ ಬಿಸಿಲಿಗೆ ಅವು ಒಡೆಯಲು ಒಂದು ದಿನ ಸಾಕು. ಹೀಗೆ ಮೇಲಿನಿಂದ ಹೋದ ಹುಳವನ್ನು ಮಣ್ಣಿನ ಹುಳ ಎನ್ನುತ್ತೇವೆ.

ಅಸಲಿಗೆ ಆಳದ ಮಣ್ಣು ನೊಣಕ್ಕೆ ಬೇಡವಾದ ಜಾಗ. ಅಮೆರಿಕದ ಜೆರಿ ಪೇನ್ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೀಟಗಳಿಗೆ ಬಿಟ್ಟುಕೊಟ್ಟ ಸತ್ತ ಹಂದಿಮರಿಗಳ ನೂರರಲ್ಲಿ 90 ಭಾಗ 6 ದಿನಗಳಲ್ಲಿ ಮಾಯವಾಗಿತ್ತು. ಕೀಟ ಮುಟ್ಟದಂತೆ ಕಾಪಾಡಿದವು ಒಣಗಿ ಸೆಟೆದು ತಿಂಗಳುಗಟ್ಟಲೆ ಉಳಿದವು. ಬಯಲಲ್ಲಿ 1 ವಾರದ ಕೊಳೆತ ಮಣ್ಣಿನೊಳಗೆ 8 ವಾರದ ಕೆಲಸ ಎಂಬುದು ಜರ್ಮನಿಯ ಕ್ಯಾಸ್ಪರ್ ಹಾಕಿಕೊಟ್ಟ ಹಳೆಯ ಲೆಕ್ಕ. ಹಾಗಾಗಿ ಹಳೆಯ ಗೋರಿ ತೆಗೆದಾಗ ಹೆಣ ಕೆಡದೆ ಸಿಕ್ಕರೆ ಪವಾಡವೆಂದು ಕಾಯಿ ಒಡೆಯಬೇಡಿ. ನೊಣಕ್ಕೆ ದಾರಿ ಸಿಕ್ಕಿರಲಿಲ್ಲ ಎನ್ನಿ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಗೋರಿಗಳಿವೆಯಲ್ಲ, ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲೇ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅದು ಆತ್ಮಕ್ಕೆ ದಾರಿಯೋ ಏನೋ, ನೊಣಕ್ಕಂತೂ ಹೆಬ್ಬಾಗಿಲು.

ಆದರೆ ಆರಡಿ ಮಣ್ಣಿಗೂ ಜಗ್ಗದ ನೊಣವೊಂದು ಯೂರೋಪಿನಲ್ಲಿದೆ. ಹೆಸರು ಕಾನಿಸೆರಾ ಟಿಬಿಯಾಲಿಸ್, ಶವಪೆಟ್ಟಿಗೆ ನೊಣವೆಂದೇ ಖ್ಯಾತಿ. ಉದ್ದ ಸುಮಾರು 2 ಮಿಲಿಮೀಟರ್, ಬೆನ್ನು ಗೂನು, ಹಾರುವುದಕ್ಕಿಂತ ಗಡಬಡಿಸಿ ಓಡುವುದೇ ಹೆಚ್ಚು. ಹೆಂಟೆಗಳ ಸಂದಿಯಲ್ಲಿ ನುಸುಳಿ ಹೆಣದವರೆಗೂ ಇಳಿಯುತ್ತದೆ. ಮೊಟ್ಟೆ, ಹುಳ, ಕೋಶ, ಮತ್ತೆ ನೊಣ, ಮತ್ತೆ ಮದುವೆ, ಎಲ್ಲವೂ ಅಲ್ಲೇ! ಮಕ್ಕಳು ಮೊಮ್ಮಕ್ಕಳು ಸೂರ್ಯನ ಮುಖ ನೋಡದೆ ಕತ್ತಲಲ್ಲೇ ಸಂಸಾರ ಸಾಗಿಸಬಲ್ಲವು. ಸ್ಪೇನಿನಲ್ಲಿ 18 ವರ್ಷ ಹಿಂದೆ ಹೂತ ಶವದ ಮೇಲೂ ಅದರ ವಂಶ ಬೆಳೆಯುತ್ತಿದ್ದುದು 2011ರಲ್ಲಿ ವರದಿಯಾಯಿತು. ನಮ್ಮಲ್ಲಿ ಇದರ ಬಂಧು ಮೆಗಸೀಲಿಯಾ ಸ್ಕೇಲಾರಿಸ್ ಇದೆ. ಕೊಳೆತ ಬಾಳೆಹಣ್ಣಿಗೂ ಮುತ್ತುವ ಇದು ಮುಚ್ಚಿದ ಡಬ್ಬಿಯ ಸಂದಿಯಲ್ಲೂ ತೂರುತ್ತದೆ. ಇಂಥ ನೊಣಕ್ಕೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ನಮ್ಮ ಎರೆ ನೆಲ ರಾಜಮಾರ್ಗವೇ ಸರಿ.

ಕ್ರೈಸೋಮಿಯಾಕ್ಕೆ ಈ ವಿದ್ಯೆ ಬರುವುದಿಲ್ಲ. ಅದಕ್ಕೇ ಪೊಲೀಸರಿಗೆ ಅದು ಹೆಚ್ಚು ಉಪಯೋಗಿ. ಆಳದ ಕುಣಿಯಲ್ಲಿ ಅದರ ಕೋಶದ ಸಿಪ್ಪೆಗಳು, ಕಂದು ಅಕ್ಕಿಕಾಳಿನಂಥವು, ಸಿಕ್ಕವೆಂದರೆ ಹೂಳುವ ಮೊದಲೇ ಹೆಣ ಬಯಲಲ್ಲಿ ಬಿದ್ದಿತ್ತೆಂದು ತಿಳಿಯಬೇಕು. “ಸತ್ತ ಕೂಡಲೇ ಮಣ್ಣು ಮಾಡಿದೆವು” ಎಂಬ ಹೇಳಿಕೆ ಅಲ್ಲಿಗೆ ಬಿದ್ದುಹೋಗುತ್ತದೆ. ತಹಶೀಲ್ದಾರರ ಎದುರು ಹೆಣ ಹೊರತೆಗೆಸುವಾಗ ಮೂಳೆ ಆಯ್ದು ಮಣ್ಣನ್ನು ಎಳೆದುಹಾಕುವ ಬದಲು ಅದನ್ನೂ ಜರಡಿ ಹಿಡಿಯುವುದು ಒಳ್ಳೆಯದು.