ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ ಹಮ್ ಶಬ್ದ

ಹಮ್ ಎಂಬುದು ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ, ತಂತಿಗಳನ್ನು ಮೀಟದಿದ್ದರೂ ಸ್ಪೀಕರಿನಿಂದ ಎಡೆಬಿಡದೆ ಕೇಳಿಬರುವ ಗುಂಯ್‌ಗುಡುವ ಶಬ್ದವಾಗಿದೆ. ಒಂದೇ ಸುರುಳಿಯುಳ್ಳ, ಅಂದರೆ ಸಿಂಗಲ್ ಕಾಯಿಲ್ ಮಾದರಿಯ ಪಿಕಪ್‌ಗಳನ್ನು ಹೊಂದಿರುವ ಗಿಟಾರುಗಳಲ್ಲಿ ಇದು ಹೆಚ್ಚು. ಈ ಶಬ್ದಕ್ಕೆ ಒಂದೇ ಕಾರಣವಿಲ್ಲ. ಪಿಕಪ್‌ನ ಸಹಜ ಗುಣ, ಗಿಟಾರಿನ ಒಳಗಿನ ತಂತಿ ಜೋಡಣೆಯ ದೋಷ, ಕೇಬಲ್, ಆಂಪ್ಲಿಫೈಯರ್, ಕಟ್ಟಡದ ವಿದ್ಯುತ್ ವ್ಯವಸ್ಥೆ ಇವುಗಳಲ್ಲಿ ಯಾವುದರಿಂದಲಾದರೂ ಇದು ಉಂಟಾಗಬಹುದು. ಒಂದು ಕಾರಣಕ್ಕೆ ಹೊಂದುವ ಪರಿಹಾರವು ಮತ್ತೊಂದಕ್ಕೆ ನಿಷ್ಪ್ರಯೋಜಕವಾಗುತ್ತದೆ, ಕೆಲವೊಮ್ಮೆ ಅಪಾಯಕಾರಿಯೂ ಆಗುತ್ತದೆ. ಆದ್ದರಿಂದ ದುರಸ್ತಿಗೆ ಮುನ್ನ ಕಾರಣವನ್ನು ಕ್ರಮವಾಗಿ ಪತ್ತೆ ಹಚ್ಚುವುದು ಅಗತ್ಯ.

ಪಿಕಪ್‌ನ ರಚನೆ ಮತ್ತು ಕಾರ್ಯ

ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಗಿಟಾರಿನ ಉಕ್ಕಿನ ತಂತಿಯು ಈ ಅಯಸ್ಕಾಂತದ ಪ್ರಭಾವದಿಂದ ತಾನೂ ಕಾಂತತ್ವವನ್ನು ಪಡೆಯುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಬದಲಾಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮದಂತೆ, ಈ ಬದಲಾವಣೆಯು ಸುರುಳಿಯಲ್ಲಿ ಸಣ್ಣ ವೋಲ್ಟೇಜನ್ನು ಉಂಟುಮಾಡುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಧ್ವನಿಯಾಗಿಸುತ್ತದೆ.

ಬದಲಾಗುವ ಕಾಂತಕ್ಷೇತ್ರವು ಗಿಟಾರಿನ ತಂತಿಯಿಂದ ಬಂದದ್ದೋ ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಬಂದದ್ದೋ ಎಂಬುದನ್ನು ಸುರುಳಿಯು ಗುರುತಿಸಲಾರದು. ಎರಡನ್ನೂ ಅದು ಒಂದೇ ರೀತಿಯಲ್ಲಿ ಗ್ರಹಿಸುತ್ತದೆ. ಆದುದರಿಂದ ದೋಷರಹಿತವಾದ ಸಿಂಗಲ್ ಕಾಯಿಲ್ ಗಿಟಾರಿನಲ್ಲಿಯೂ ಸ್ವಲ್ಪ ಹಮ್ ಇದ್ದೇ ಇರುತ್ತದೆ. ಫೆಂಡರ್ ಸಂಸ್ಥೆಯ ಟೆಲಿಕಾಸ್ಟರ್ ಹಾಗೂ 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್, ಗಿಬ್ಸನ್ ಸಂಸ್ಥೆಯ ಪಿ-90 ಪಿಕಪ್ ಇವೆಲ್ಲ ಈ ಗುಣವನ್ನು ಹೊಂದಿವೆ.

ಹಮ್‌ನ ಶ್ರುತಿ

ಭಾರತದಲ್ಲಿ ಮನೆಗಳಿಗೆ ಪೂರೈಕೆಯಾಗುವ ಪರ್ಯಾಯ ವಿದ್ಯುತ್ತಿನ ಆವೃತ್ತಿಯು 50 ಹರ್ಟ್ಸ್, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 60 ಹರ್ಟ್ಸ್. ಹಮ್ ಈ ಆವೃತ್ತಿಯಲ್ಲಿ ಮತ್ತು ಅದರ ಗುಣಕಗಳಲ್ಲಿ, ಅಂದರೆ ಭಾರತದಲ್ಲಿ 50, 100, 150 ಹರ್ಟ್ಸ್ ಮುಂತಾಗಿ ಕೇಳಿಸುತ್ತದೆ. ಚಿಕ್ಕ ಸ್ಪೀಕರುಗಳು 50 ಹರ್ಟ್ಸ್ ಧ್ವನಿಯನ್ನು ಸರಿಯಾಗಿ ಹೊರಡಿಸಲಾರವು. ಆದ್ದರಿಂದ ಕಿವಿಗೆ ಮುಖ್ಯವಾಗಿ ಬೀಳುವುದು ಮೇಲಿನ ಗುಣಕಗಳು. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿದಾಗ ಬರುವ ಜಿ ಸ್ವರದ ಆವೃತ್ತಿ 98 ಹರ್ಟ್ಸ್. ಕೇಳುತ್ತಿರುವ ಶಬ್ದವು ಈ ಸ್ವರಕ್ಕೆ ಬಹು ಸಮೀಪವಾಗಿದ್ದರೆ ಅದು ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ಹಮ್ ಎಂದು ಊಹಿಸಬಹುದು.

ಹಮ್ ಮತ್ತು ಬಝ್

ಮೇಲುನೋಟಕ್ಕೆ ಒಂದೇ ಎನಿಸಿದರೂ ಇವೆರಡರ ಮೂಲ ಬೇರೆ ಬೇರೆ.

ಹಮ್ ಮೃದುವಾದ, ತಗ್ಗಿದ ಶಬ್ದ. ಟ್ರಾನ್ಸ್‌ಫಾರ್ಮರ್, ಮೋಟಾರ್, ಹಳೆಯ ಟ್ಯೂಬ್‌ಲೈಟಿನ ಚೋಕ್ ಮುಂತಾದವುಗಳ ಕಾಂತಕ್ಷೇತ್ರವು ಪಿಕಪ್‌ನ ಸುರುಳಿಯನ್ನು ತಲಪುವುದರಿಂದ ಇದು ಉಂಟಾಗುತ್ತದೆ. ಗಿಟಾರನ್ನು ಹಿಡಿದು ನಿಂತಲ್ಲೇ ತಿರುಗಿದರೆ ಇದರ ಪ್ರಮಾಣ ಏರಿಳಿಯುತ್ತದೆ. ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಬಹುಮಟ್ಟಿಗೆ ಅಡಗುವುದೂ ಉಂಟು.

ಬಝ್ ಕರ್ಕಶವಾದ, ಜಿರ್ರೆನ್ನುವ ಶಬ್ದ. ಗೋಡೆಯೊಳಗಿನ ತಂತಿಗಳು, ದೀಪದ ಡಿಮ್ಮರ್, ಫ್ಯಾನಿನ ರೆಗ್ಯುಲೇಟರ್, ಅಗ್ಗದ ಚಾರ್ಜರುಗಳು ಇವುಗಳ ವಿದ್ಯುತ್ ಕ್ಷೇತ್ರವು ಗಿಟಾರಿನ ಒಳತಂತಿಗಳಿಗೆ ಸೇರುವುದು ಇದರ ಸಾಮಾನ್ಯ ಕಾರಣ. ವಾದಕನ ದೇಹವೂ ಒಂದು ಆಂಟೆನಾದಂತೆ ವರ್ತಿಸಿ ಈ ಶಬ್ದವನ್ನು ಪಿಕಪ್‌ನ ಸಮೀಪಕ್ಕೆ ತರುತ್ತದೆ. ಗಿಟಾರಿನ ಬ್ರಿಡ್ಜ್ ಅನ್ನು ಒಳಗಿನಿಂದ ಗ್ರೌಂಡಿಗೆ ಜೋಡಿಸಿರುವುದರಿಂದ, ವಾದಕನು ತಂತಿಗಳನ್ನು ಮುಟ್ಟಿದಾಗ ಅವನ ದೇಹವೂ ಗ್ರೌಂಡಿಗೆ ಸೇರಿ ಬಝ್ ತಗ್ಗುತ್ತದೆ. ಮುಟ್ಟಿದಾಗ ಶಬ್ದ ಕಡಿಮೆಯಾಗುವುದನ್ನು ಅನೇಕರು ದೋಷವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಬ್ರಿಡ್ಜ್‌ನ ಗ್ರೌಂಡ್ ತಂತಿ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಕಾರಣವನ್ನು ಪತ್ತೆ ಹಚ್ಚುವ ಕ್ರಮ

ಆಂಪ್ಲಿಫೈಯರಿನಿಂದ ಆರಂಭಿಸಿ ಗಿಟಾರಿನ ಕಡೆಗೆ ಒಂದೊಂದೇ ಭಾಗವನ್ನು ಪರೀಕ್ಷಿಸುವುದು ಸೂಕ್ತ. ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಶಬ್ದ ನಿಂತಿತೆಂದು ತಿಳಿಯುವುದಿಲ್ಲ.

1. ಆಂಪ್ಲಿಫೈಯರಿಗೆ ಏನನ್ನೂ ಜೋಡಿಸದೆ ಅದನ್ನು ಚಾಲೂ ಮಾಡಬೇಕು. ಆಗಲೂ ಹಮ್ ಜೋರಾಗಿದ್ದರೆ ದೋಷವು ಆಂಪ್ಲಿಫೈಯರಿನಲ್ಲಿ ಅಥವಾ ವಿದ್ಯುತ್ ಪೂರೈಕೆಯಲ್ಲಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಫಿಲ್ಟರ್ ಕೆಪಾಸಿಟರುಗಳು ಸವೆದು 100 ಹರ್ಟ್ಸ್ ಹಮ್ ಉಂಟಾಗುವುದು ಸಾಮಾನ್ಯ.

2. ಗಿಟಾರನ್ನು ಕೇಬಲ್‌ನಿಂದ ನೇರವಾಗಿ ಜೋಡಿಸಿ ಅದರ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು. ಸಾಮಾನ್ಯ ಜೋಡಣೆಯಲ್ಲಿ ಇದರಿಂದ ಗಿಟಾರಿನ ಔಟ್‌ಪುಟ್ ಗ್ರೌಂಡಿಗೆ ಸೇರುತ್ತದೆ. ಶಬ್ದವು ಉಳಿದರೆ ಕೇಬಲ್ ಅಥವಾ ಜ್ಯಾಕ್ ಅನ್ನು ಸಂಶಯಿಸಬೇಕು. ನಿಂತರೆ ಶಬ್ದದ ಮೂಲ ಪಿಕಪ್ ಅಥವಾ ಒಳಜೋಡಣೆ.

3. ಬೇರೊಂದು ಕೇಬಲ್ ಬಳಸಿ ನೋಡಬೇಕು. ಗಿಟಾರಿನ ಸ್ವರವೇ ಕೇಳದೆ ಭಾರಿ ಹಮ್ ಮಾತ್ರ ಬರುತ್ತಿದ್ದರೆ, ಕೇಬಲ್‌ನ ಹೊರಹೊದಿಕೆಯ ತಂತಿಯಾದ ಶೀಲ್ಡ್ ಅಥವಾ ಜ್ಯಾಕ್‌ನ ಗ್ರೌಂಡ್ ಬೆಸುಗೆ ಕಡಿದಿರುವ ಸಂಭವವೇ ಹೆಚ್ಚು.

4. ವಾಲ್ಯೂಮನ್ನು ಏರಿಸಿ, ಗಿಟಾರನ್ನು ನಾನಾ ದಿಕ್ಕಿಗೆ ತಿರುಗಿಸಿ, ಆಂಪ್ಲಿಫೈಯರಿನಿಂದ ಎರಡು ಮೂರು ಮೀಟರ್ ದೂರ ಸರಿಯಬೇಕು. ಶಬ್ದ ಏರಿಳಿದರೆ ಅದು ಸಿಂಗಲ್ ಕಾಯಿಲ್‌ನ ಸಹಜ ಹಮ್.

5. ತಂತಿ, ಬ್ರಿಡ್ಜ್ ಮತ್ತು ಜ್ಯಾಕ್‌ನ ಲೋಹದ ಭಾಗಗಳನ್ನು ಒಂದೊಂದಾಗಿ ಮುಟ್ಟಬೇಕು. ಮುಟ್ಟಿದಾಗ ಕೈಗೆ ಜುಮ್ಮೆಂದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಜ್ಯಾಕ್ ಮುಟ್ಟಿದಾಗ ಬಝ್ ತಗ್ಗಿ, ತಂತಿ ಮುಟ್ಟಿದಾಗ ತಗ್ಗದಿದ್ದರೆ ಬ್ರಿಡ್ಜ್‌ನ ಗ್ರೌಂಡ್ ತಂತಿ ಕಡಿದಿದೆ. ಮುಟ್ಟಿದಾಗ ಶಬ್ದ ಹೆಚ್ಚಿದರೆ ಜ್ಯಾಕ್‌ನಲ್ಲಿ ಎರಡು ತಂತಿಗಳು ಅದಲುಬದಲಾಗಿರಬಹುದು.

6. ಟ್ಯೂಬ್‌ಲೈಟ್, ಡಿಮ್ಮರ್, ಫ್ಯಾನ್, ಕಂಪ್ಯೂಟರ್, ಚಾರ್ಜರ್ ಇವುಗಳನ್ನು ಒಂದೊಂದಾಗಿ ಆರಿಸಿ ವ್ಯತ್ಯಾಸವನ್ನು ಗಮನಿಸಬೇಕು.

7. ಕೊನೆಯಲ್ಲಿ ಎಫೆಕ್ಟ್ ಪೆಡಲ್‌ಗಳನ್ನು ಒಂದೊಂದಾಗಿ ಸೇರಿಸಬೇಕು. ಪೆಡಲನ್ನು ಬ್ಯಾಟರಿಯಿಂದ ನಡೆಸಿದಾಗ ಶಬ್ದ ಹೋದರೆ ಅದರ ಅಡಾಪ್ಟರ್ ಕಾರಣ. ಡಿಸ್ಟಾರ್ಷನ್ ಮತ್ತು ಕಂಪ್ರೆಸರ್ ಪೆಡಲ್‌ಗಳು ಮೊದಲೇ ಇರುವ ಹಮ್ ಅನ್ನು ಹಿಗ್ಗಿಸಿ ತೋರಿಸುತ್ತವೆ.

ಬ್ರಿಡ್ಜ್‌ನ ಗ್ರೌಂಡ್ ಜೋಡಣೆಯನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬಹುದು. ಗಿಟಾರನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಬ್ರಿಡ್ಜ್ ಮತ್ತು ಜ್ಯಾಕ್‌ನ ಗ್ರೌಂಡ್ ತುದಿಯ ನಡುವಿನ ರೋಧವನ್ನು ಅಳೆದಾಗ ಅದು ಬಹುತೇಕ ಸೊನ್ನೆ ಓಮ್ ಇರಬೇಕು.

ಪರಿಹಾರಗಳು

ಸ್ಥಳ ಮತ್ತು ದಿಕ್ಕು: ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವು ದೂರ ಹೆಚ್ಚಿದಂತೆ ಬಹಳ ವೇಗವಾಗಿ ಕ್ಷೀಣಿಸುತ್ತದೆ. ಆದ್ದರಿಂದ ಕೆಲವು ಹೆಜ್ಜೆ ದೂರ ಸರಿಯುವುದು, ಹಮ್ ಅಡಗುವ ದಿಕ್ಕಿಗೆ ತಿರುಗಿ ಕುಳಿತುಕೊಳ್ಳುವುದು ಖರ್ಚಿಲ್ಲದ ಮೊದಲ ಪರಿಹಾರ.

ಶೀಲ್ಡಿಂಗ್: ಗಿಟಾರಿನ ಒಳಗುಳಿಗಳಿಗೆ ತಾಮ್ರದ ತೆಳುಹಾಳೆಯನ್ನು ಅಂಟಿಸಿ ಅಥವಾ ವಿದ್ಯುದ್ವಾಹಕ ಬಣ್ಣವನ್ನು ಬಳಿದು ಗ್ರೌಂಡಿಗೆ ಜೋಡಿಸುವ ವಿಧಾನವಿದು. ಹಾಳೆಯ ತುಂಡುಗಳೆಲ್ಲ ಒಂದಕ್ಕೊಂದು ವಿದ್ಯುತ್ ಸಂಪರ್ಕ ಹೊಂದಿರಬೇಕು, ಸ್ವರವನ್ನು ಒಯ್ಯುವ ತಂತಿ ಎಲ್ಲಿಯೂ ಹಾಳೆಗೆ ತಾಗಬಾರದು. ಇದರಿಂದ ಬಝ್ ಗಣನೀಯವಾಗಿ ತಗ್ಗುತ್ತದೆ, ಆದರೆ ಹಮ್ ತಗ್ಗುವುದಿಲ್ಲ. 50 ಹರ್ಟ್ಸ್ ಆವೃತ್ತಿಯ ಕಾಂತಕ್ಷೇತ್ರವು ತಾಮ್ರದೊಳಗೆ ಸುಮಾರು 9 ಮಿಲಿಮೀಟರ್ ಆಳಕ್ಕೆ ಇಳಿದ ಮೇಲಷ್ಟೇ ಮೂರನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಕಾಗದದಷ್ಟು ತೆಳುವಾದ ಹಾಳೆ ಅದನ್ನು ತಡೆಯಲಾರದು. ಶೀಲ್ಡಿಂಗ್ ಮಾಡಿದ ನಂತರವೂ ಹಮ್ ಉಳಿಯಿತೆಂದು ನಿರಾಶರಾಗುವವರು ಸಾಮಾನ್ಯವಾಗಿ ಈ ಭೇದವನ್ನು ಗಮನಿಸಿರುವುದಿಲ್ಲ.

ವಿರುದ್ಧ ಸುತ್ತಿನ ಪಿಕಪ್: ಮೂರು ಪಿಕಪ್‌ಗಳಿರುವ ಇಂದಿನ ಅನೇಕ ಗಿಟಾರುಗಳಲ್ಲಿ ನಡುವಿನ ಪಿಕಪ್‌ನ ಸುರುಳಿಯನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿ, ಅಯಸ್ಕಾಂತದ ಧ್ರುವಗಳನ್ನೂ ತಿರುವುಮುರುವು ಮಾಡಿರುತ್ತಾರೆ. ಹೊರಗಿನಿಂದ ಬರುವ ಹಮ್‌ಗೆ ಪಿಕಪ್‌ನ ಧ್ರುವ ಯಾವುದೆಂಬುದು ಮುಖ್ಯವಲ್ಲ, ಸುತ್ತಿನ ದಿಕ್ಕು ಮಾತ್ರ ಮುಖ್ಯ. ಆದ್ದರಿಂದ ಎರಡು ಪಿಕಪ್‌ಗಳ ಹಮ್ ಪರಸ್ಪರ ವಿರುದ್ಧವಾಗಿದ್ದು ರದ್ದಾಗುತ್ತದೆ. ತಂತಿಯ ಕಂಪನದಿಂದ ಬರುವ ಸ್ವರವಾದರೋ ಸುತ್ತಿನಿಂದ ಒಮ್ಮೆ, ಧ್ರುವದಿಂದ ಮತ್ತೊಮ್ಮೆ ತಿರುವುಗೊಂಡು ಮೂಲ ದಿಕ್ಕಿಗೇ ಮರಳುತ್ತದೆ. ಹೀಗಾಗಿ ಎರಡು ಪಿಕಪ್‌ಗಳ ಸ್ವರಗಳು ಕೂಡಿಕೊಳ್ಳುತ್ತವೆ. ಐದು ಸ್ಥಾನಗಳ ಸ್ವಿಚ್‌ನಲ್ಲಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು ನಿಶ್ಶಬ್ದವಾಗಿರುವುದಕ್ಕೆ ಇದೇ ಕಾರಣ.

ಹಂಬಕರ್: ಇದೇ ತತ್ತ್ವದಂತೆ ಎರಡು ಸುರುಳಿಗಳನ್ನು ಒಂದೇ ಪಿಕಪ್‌ನಲ್ಲಿ ಅಳವಡಿಸಿದ ಸಾಧನವೇ ಹಂಬಕರ್. ಗಿಬ್ಸನ್ ಸಂಸ್ಥೆಯಲ್ಲಿದ್ದ ಸೆತ್ ಲವರ್ ಇದರ ಪೇಟೆಂಟಿಗೆ 1955ರಲ್ಲಿ ಅರ್ಜಿ ಸಲ್ಲಿಸಿದರು, 1959ರಲ್ಲಿ ಅದು ಮಂಜೂರಾಯಿತು. ಹಂಬಕರ್ ಹಮ್ ಅನ್ನು ನಿವಾರಿಸಿದರೂ ಅದರ ಧ್ವನಿಯು ಹೆಚ್ಚು ದಪ್ಪವಾಗಿದ್ದು, ಸಿಂಗಲ್ ಕಾಯಿಲ್‌ನ ಹರಿತವಾದ ಸ್ಪಷ್ಟತೆ ಅದರಲ್ಲಿ ಕಡಿಮೆ. ಈ ಸ್ಪಷ್ಟತೆಗಾಗಿಯೇ ಅನೇಕ ವಾದಕರು ಹಮ್ ಅನ್ನು ಸಹಿಸಿಕೊಳ್ಳುತ್ತಾರೆ. ಸಿಂಗಲ್ ಕಾಯಿಲ್‌ನ ಅಳತೆಯಲ್ಲೇ ಎರಡು ಸುರುಳಿಗಳನ್ನು ಒಂದರ ಮೇಲೊಂದು ಇರಿಸಿದ ಪಿಕಪ್‌ಗಳೂ ಇವೆ. ಹಮ್ ಅನ್ನು ಮಾತ್ರ ಗ್ರಹಿಸಿ ರದ್ದುಗೊಳಿಸಲು ಅಯಸ್ಕಾಂತವಿಲ್ಲದ ಹೆಚ್ಚುವರಿ ಸುರುಳಿಯನ್ನು ಸೇರಿಸುವ ಪದ್ಧತಿಯೂ ಉಂಟು.

ನಾಯ್ಸ್ ಗೇಟ್: ಸ್ವರವಿಲ್ಲದ ಕ್ಷಣಗಳಲ್ಲಿ ಧ್ವನಿಯನ್ನು ಮುಚ್ಚುವ ಸಾಧನ ಇದು. ಸ್ವರ ನುಡಿಯುತ್ತಿರುವಾಗ ಹಮ್ ಅದರೊಡನೆ ಸೇರಿಯೇ ಇರುತ್ತದೆ. ಇದು ಕಾರಣವನ್ನು ನಿವಾರಿಸುವುದಿಲ್ಲ.

ಗ್ರೌಂಡ್ ಲೂಪ್

ಅರ್ಥ್ ಸಂಪರ್ಕವಿರುವ ಎರಡು ಉಪಕರಣಗಳನ್ನು, ಉದಾಹರಣೆಗೆ ಎರಡು ಆಂಪ್ಲಿಫೈಯರುಗಳನ್ನು, ಕೇಬಲ್‌ನಿಂದ ಪರಸ್ಪರ ಜೋಡಿಸಿದಾಗ ಅರ್ಥ್ ತಂತಿ ಮತ್ತು ಕೇಬಲ್‌ನ ಶೀಲ್ಡ್ ಸೇರಿ ಒಂದು ದೊಡ್ಡ ಕುಣಿಕೆ ಏರ್ಪಡುತ್ತದೆ. ಅದರಲ್ಲಿ ಹರಿಯುವ ಸಣ್ಣ ಪ್ರವಾಹವು ಹಮ್ ಆಗಿ ಕೇಳಿಸುತ್ತದೆ. ಗಿಟಾರನ್ನು ತಿರುಗಿಸಿದರೂ ಈ ಹಮ್ ಬದಲಾಗುವುದಿಲ್ಲ. ಉಪಕರಣಗಳನ್ನೆಲ್ಲ ಒಂದೇ ಅರ್ಥ್ ಇರುವ ಸಾಕೆಟ್ ಸಾಲಿನಿಂದ ನಡೆಸುವುದು, ಅಥವಾ ಸ್ವರ ಸಾಗುವ ಮಾರ್ಗದಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಳವಡಿಸಿದ ಪೆಟ್ಟಿಗೆಯನ್ನು ಬಳಸುವುದು ಇದಕ್ಕೆ ಸರಿಯಾದ ಪರಿಹಾರ. ಒಂದೇ ಆಂಪ್ಲಿಫೈಯರಿಗೆ ನೇರವಾಗಿ ಜೋಡಿಸಿದ ಸಾಧಾರಣ ಗಿಟಾರಿಗೆ ಬೇರೆ ವಿದ್ಯುತ್ ಸಂಪರ್ಕ ಇಲ್ಲದಿರುವುದರಿಂದ ಅಲ್ಲಿ ಇಂತಹ ಕುಣಿಕೆ ಉಂಟಾಗುವುದಿಲ್ಲ.

ಸುರಕ್ಷತೆ

ಹಮ್ ನಿಲ್ಲಿಸಲು ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ನನ್ನು ಕತ್ತರಿಸುವುದು ಅಥವಾ ಅರ್ಥ್ ಇಲ್ಲದ ಅಡಾಪ್ಟರ್ ಬಳಸುವುದು ಪ್ರಾಣಾಪಾಯಕಾರಿ. ಗ್ರೌಂಡ್ ಲೂಪ್ ಇದ್ದಲ್ಲಿ ಇದರಿಂದ ಹಮ್ ನಿಲ್ಲಬಹುದು, ಆ ಕಾರಣದಿಂದಲೇ ಈ ಉಪಾಯವು ಬಾಯಿಂದ ಬಾಯಿಗೆ ಹರಡಿದೆ. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಜೋಡಣೆಯಾಗಿರುತ್ತವೆ. ಆಂಪ್ಲಿಫೈಯರಿನೊಳಗೆ ದೋಷ ಉಂಟಾಗಿ ಚೌಕಟ್ಟಿಗೆ ವಿದ್ಯುತ್ ಹರಿದರೆ, ಅರ್ಥ್ ಇದ್ದಲ್ಲಿ ಫ್ಯೂಸ್ ಕರಗಿ ಪೂರೈಕೆ ನಿಲ್ಲುತ್ತದೆ. ಅರ್ಥ್ ಇಲ್ಲದಿದ್ದಲ್ಲಿ 230 ವೋಲ್ಟ್ ನೇರವಾಗಿ ವಾದಕನ ಬೆರಳುಗಳಿಗೆ ಬರುತ್ತದೆ.

ಅಪಾಯವು ಬೇರೆ ಉಪಕರಣದಿಂದಲೂ ಬರಬಹುದು. ಸ್ಟೋನ್ ದ ಕ್ರೌಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿ ನಗರದ ವೇದಿಕೆಯಲ್ಲಿ, ಸರಿಯಾದ ಭೂಸಂಪರ್ಕವಿಲ್ಲದ ಮೈಕ್ರೊಫೋನನ್ನು ಮುಟ್ಟಿ ವಿದ್ಯುದಾಘಾತದಿಂದ ಮೃತಪಟ್ಟರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರ ಮೇ ತಿಂಗಳಲ್ಲಿ ತಮ್ಮ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ವಿದ್ಯುದಾಘಾತಕ್ಕೆ ಬಲಿಯಾದರು.

ಹಳೆಯ ಕಟ್ಟಡಗಳಲ್ಲಿ ಮೂರು ರಂಧ್ರಗಳ ಸಾಕೆಟ್ ಇದ್ದರೂ ಅದರ ಹಿಂದೆ ಅರ್ಥ್ ತಂತಿ ಇಲ್ಲದಿರುವುದುಂಟು. ತಂತಿ ಅಥವಾ ಮೈಕ್ರೊಫೋನ್ ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ ನುಡಿಸುವುದನ್ನು ಕೂಡಲೇ ನಿಲ್ಲಿಸಿ, ಸಾಕೆಟ್ಟಿನ ಅರ್ಥಿಂಗನ್ನು ಅರ್ಹ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಬೇಕು. ಸೋರಿಕೆಯನ್ನು ಗ್ರಹಿಸಿ ವಿದ್ಯುತ್ತನ್ನು ಕಡಿಯುವ, 30 ಮಿಲಿಆಂಪಿಯರ್ ಮಿತಿಯ ಆರ್‌ಸಿಸಿಬಿ ಸಾಧನವು ಹೆಚ್ಚಿನ ರಕ್ಷಣೆ ನೀಡುತ್ತದೆ, ಆದರೆ ಅದು ಅರ್ಥ್‌ಗೆ ಬದಲಿಯಲ್ಲ. ವಾಲ್ವ್ ಆಂಪ್ಲಿಫೈಯರಿನ ಕೆಪಾಸಿಟರುಗಳು ಪ್ಲಗ್ ತೆಗೆದ ಮೇಲೂ ನೂರಾರು ವೋಲ್ಟ್ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದಾದ್ದರಿಂದ ಅದರ ಒಳಭಾಗದ ದುರಸ್ತಿಯನ್ನು ತರಬೇತಿ ಪಡೆದವರೇ ಮಾಡಬೇಕು. ಗಿಟಾರಿನ ಒಳಗಿನ ಬೆಸುಗೆ, ಶೀಲ್ಡಿಂಗ್ ಮುಂತಾದ ಕೆಲಸಗಳನ್ನು ಕೇಬಲ್ ಬಿಡಿಸಿದ ನಂತರ ಹವ್ಯಾಸಿಗಳೂ ಸುರಕ್ಷಿತವಾಗಿ ಮಾಡಬಹುದು.