ಒಂದೇ ಕಡೆ ಸವೆಯುವ ಟೈರು, ಬೆಳಗಿನ ಗಾಳಿಯ ಲೆಕ್ಕ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಇಂಜಿನ್ ಆರಿಸಿ ಕೆಳಗಿಳಿಯಿರಿ. ಮುಂದಿನ ಚಕ್ರದಲ್ಲಿ ನೆಲಕ್ಕೆ ತಾಗುವ ಭಾಗ ಈಗ ಕಣ್ಣಿಗೆ ಬೀಳುತ್ತದೆ. ತಂತಿ ಎದ್ದಿಲ್ಲವೆಂದು ನೋಡಿಕೊಂಡು ಅದರ ಮೇಲೆ ಕೈಯನ್ನು ಅಡ್ಡಕ್ಕೆ ಸವರಿ. ಮೊದಲು ಹೊರ ಅಂಚಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ. ಎರಡೂ ದಿಕ್ಕಿಗೆ ಒಂದೇ ಥರ ಅನ್ನಿಸಿದರೆ ಸರಿ. ಹೋಗುವಾಗ ನುಣ್ಣಗೆ ಜಾರಿದ ಕೈಗೆ ಬರುವಾಗ ರಬ್ಬರಿನ ಅಂಚುಗಳು ಚೂಪಾಗಿ ತಗುಲಿದರೆ ಆ ಚಕ್ರ ನೇರವಾಗಿ ಉರುಳುತ್ತಿಲ್ಲ ಎಂದರ್ಥ.

ಮುಂದಿನ ಎರಡು ಚಕ್ರಗಳೂ ಓಡುವಾಗ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಅವುಗಳ ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್ ಎನ್ನುತ್ತಾರೆ. ಗುಂಡಿಗೆ ಒಮ್ಮೆ ಜೋರಾಗಿ ಬಿದ್ದರೆ ಅಥವಾ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೀಲು ಸಡಿಲವಾದರೆ ಈ ಕೋನ ಕೆಡುತ್ತದೆ. ಚಕ್ರ ಕಾಲು ಡಿಗ್ರಿಯಷ್ಟು ಓರೆಯಾಗಿದೆ ಎಂದುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಪ್ರತಿ ಕಿಲೋಮೀಟರಿಗೆ ಆ ಚಕ್ರ 4.4 ಮೀಟರ್ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಕಾರು ಅದನ್ನು ಸರಿಯಲು ಬಿಡುವುದಿಲ್ಲ, ನೇರಕ್ಕೇ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಅಷ್ಟು ದೂರವನ್ನೂ ರಬ್ಬರು ಡಾಂಬರಿನ ಮೇಲೆ ಅಡ್ಡಕ್ಕೆ ಉಜ್ಜಿಕೊಂಡೇ ಕಳೆಯಬೇಕು. 10,000 ಕಿ.ಮೀ. ಓಡುವಷ್ಟರಲ್ಲಿ ಇದು 44 ಕಿ.ಮೀ. ಆಗುತ್ತದೆ. ಕಾರು ಚೆನ್ನಾಗಿಯೇ ಓಡುತ್ತಿದೆ, ಟೈರು ಮಾತ್ರ ಬೇಗ ಹೋಯಿತು ಎಂದು ಬೇಸರಪಡುವ ಅನೇಕರ ಗಾಡಿಯಲ್ಲಿ ನಡೆದಿರುವುದು ಇದೇ.

ಟೋ-ಔಟ್ ಆದಾಗ ಒಳ ಅಂಚು ಸವೆಯುತ್ತದೆ, ಟೋ-ಇನ್ ಹೆಚ್ಚಾದರೆ ಹೊರ ಅಂಚು. ಒಳ ಅಂಚಿನ ಸವೆತ ಹೆಚ್ಚು ಅಪಾಯದ್ದು, ಏಕೆಂದರೆ ಅದು ಕಾರಿನ ಅಡಿಯಲ್ಲಿ ಮರೆಯಾಗಿರುತ್ತದೆ. ನಿಂತು ನೋಡಿದರೆ ಟೈರಿನಲ್ಲಿ ಒಳ್ಳೆಯ ಗ್ರಿಪ್ ಕಾಣುತ್ತದೆ, ಬಗ್ಗಿ ನೋಡಿದರೆ ಒಳಭಾಗ ಬೋಳಾಗಿರುತ್ತದೆ. ಟೈರಿನ ಮೇಲ್ಮೈಯ ತೋಡುಗಳ ತಳದಲ್ಲಿ ಅಲ್ಲಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ದಿಂಡುಗಳಿವೆ. ರಬ್ಬರು ಅವುಗಳ ಮಟ್ಟಕ್ಕೆ ಇಳಿದಿದೆಯೇ ಎಂದು ಒಳಗೆ, ನಡುವೆ, ಹೊರಗೆ, ಮೂರೂ ಕಡೆ ನೋಡಬೇಕು. ಸುತ್ತಳತೆಯ ಉದ್ದಕ್ಕೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು ಅಥವಾ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರಬಹುದು.

ಇವೆಲ್ಲ ಕೋನ ಮತ್ತು ಕೀಲುಗಳ ದೋಷ. ಗಾಳಿಯ ದೋಷ ಬೇರೆ ರೀತಿ ಕಾಣಿಸಿಕೊಳ್ಳುತ್ತದೆ. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚು. ಕಾರಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸಾವಿರ ಕೆ.ಜಿ.ಯ ಕಾರಿನಲ್ಲಿ ಒಂದೊಂದು ಚಕ್ರದ ಪಾಲು ಸುಮಾರು 250 ಕೆ.ಜಿ. ಗಾಳಿಯ ಒತ್ತಡ 33 ಪಿಎಸ್‌ಐ ಇದ್ದರೆ ಅದು ಚದರ ಸೆಂಟಿಮೀಟರಿಗೆ 2.3 ಕೆ.ಜಿ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 110 ಚದರ ಸೆಂ.ಮೀ., ಅಂದರೆ ಒಂದು ಅಂಗೈಯಗಲ. ಬ್ರೇಕು, ತಿರುವು, ಮಳೆ ಎಲ್ಲವನ್ನೂ ಕಾರು ನಿಭಾಯಿಸುವುದು ಇಂಥ ನಾಲ್ಕು ತುಂಡುಗಳ ಮೇಲೆ. ಒತ್ತಡ 25ಕ್ಕೆ ಇಳಿದರೆ ಆ ಜಾಗ 140ರ ಹತ್ತಿರ ಹೋಗುತ್ತದೆ. ಹಾಗೆಂದು ಹಿಡಿತ ಹೆಚ್ಚುವುದಿಲ್ಲ. ನಡುಭಾಗಕ್ಕೆ ಒಳಗಿನಿಂದ ಆಸರೆ ಸಾಲದೆ ಭಾರ ಅಂಚುಗಳ ಮೇಲೆ ಬೀಳುತ್ತದೆ. ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯಲು ಈ ಬಿಸಿ ಒಂದು ಮುಖ್ಯ ಕಾರಣ.

ಗಾಳಿ ಇಷ್ಟು ಇಳಿದರೂ ಕಣ್ಣಿಗೆ ತಿಳಿಯುವುದಿಲ್ಲ. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರಿನ ಪಕ್ಕದ ಗೋಡೆ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಯೇ ಇರುತ್ತದೆ, ಇಂದಿನ ಕಾರುಗಳಲ್ಲಿರುವುದು ಅದೇ ಬಗೆಯ ಟೈರು. ಕಾಲಿನಿಂದ ಒದ್ದು ನೋಡುವ ಪದ್ಧತಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಗೇಜ್ ಬೇಕು, ಅದೂ ನಮ್ಮದೇ ಆಗಿದ್ದರೆ ಲೇಸು.

ಮುಳ್ಳು ತಿರುಗುವ ಗೇಜಿನ ಒಳಗಿರುವುದು ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಚಪ್ಪಟೆಯಾದ, ಬಾಗಿದ ಲೋಹದ ಕೊಳವೆ. ಒತ್ತಡ ಏರಿದಂತೆ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಇದರ ನಿಖರತೆಯನ್ನು ಸಾಮಾನ್ಯವಾಗಿ ಪೂರ್ಣ ಅಳತೆಯ ಇಷ್ಟು ಶೇಕಡಾ ಎಂದು ಹೇಳುತ್ತಾರೆ. ಶೇ 2ರ ಗೇಜು 200 ಪಿಎಸ್‌ಐವರೆಗೆ ಅಳೆಯುವಂಥದ್ದಾದರೆ 4 ಪಿಎಸ್‌ಐ ತಪ್ಪಬಹುದು, 60ರವರೆಗಿನದಾದರೆ 1.2 ಮಾತ್ರ. ಕಾರಿಗೆ ಕೊಳ್ಳುವಾಗ 60ರವರೆಗಿನ ಗೇಜನ್ನೇ ಕೊಳ್ಳಿ. ಡಿಜಿಟಲ್ ಗೇಜು ದಶಮಾಂಶದವರೆಗೆ ತೋರಿಸುತ್ತದೆ ಎಂದ ಮಾತ್ರಕ್ಕೆ ಅಷ್ಟು ನಿಖರವೆಂದು ನಂಬಬೇಡಿ. ಅದರೊಳಗಿನ ಸಂವೇದಕ ಎಷ್ಟು ಚೆನ್ನಾಗಿದೆಯೋ ಅಷ್ಟೇ ಅದರ ಯೋಗ್ಯತೆ.

ಗೇಜು ಸರಿಯಿದ್ದರೂ ಹೊತ್ತು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಮುಚ್ಚಿದ ಜಾಗದಲ್ಲಿರುವ ಗಾಳಿಯ ಒತ್ತಡ ಬಿಸಿಯಾದಂತೆ ಏರುತ್ತದೆ ಎಂಬುದನ್ನು ಪ್ಯಾರಿಸ್‌ನ ಗಿಯೋಮ್ ಅಮೊಂಟಾನ್ 1700ರ ಆಸುಪಾಸಿನಲ್ಲೇ ತೋರಿಸಿದ್ದರು. ಕಾರಿನ ಟೈರಿನಲ್ಲಿ ಇದು ಐದಾರು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1 ಪಿಎಸ್‌ಐ. ಬೇಸಿಗೆಯ ಕಲಬುರಗಿಯಲ್ಲಿ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಇರುವ ಅಂತರದಿಂದಲೇ ನಿಂತ ಕಾರಿನ ಟೈರಿನಲ್ಲಿ 2 ಪಿಎಸ್‌ಐ ವ್ಯತ್ಯಾಸವಾಗುತ್ತದೆ. ಹೆದ್ದಾರಿಯಲ್ಲಿ ಓಡಿದ ಮೇಲೆ ನಾಲ್ಕೈದು ಪಿಎಸ್‌ಐ ಏರುವುದು ಸಹಜ.

ತಪ್ಪು ನಡೆಯುವುದು ಇಲ್ಲೇ. ಮಧ್ಯಾಹ್ನದ ಬಿಸಿಲಲ್ಲಿ ನೂರು ಕಿ.ಮೀ. ಓಡಿಸಿ ಬಂಕಿನಲ್ಲಿ ನಿಲ್ಲಿಸುತ್ತೇವೆ. ಗೇಜು 37 ತೋರಿಸುತ್ತದೆ. ಗಾಳಿ ಹೊಡೆಯುವ ಹುಡುಗ ಹೆಚ್ಚಾಗಿದೆ ಸಾರ್ ಎಂದು ಹೇಳಿ ಒಳ್ಳೆಯ ಮನಸ್ಸಿನಿಂದಲೇ 33ಕ್ಕೆ ಇಳಿಸುತ್ತಾನೆ. ಮರುದಿನ ಬೆಳಿಗ್ಗೆ ತಣ್ಣಗಾದ ಟೈರಿನಲ್ಲಿ ಉಳಿದಿರುವುದು 29. ಪ್ರತಿ ಸಲವೂ ಹೀಗೇ ಆದರೆ ಆರು ತಿಂಗಳಲ್ಲಿ ಎರಡೂ ಅಂಚು ಸವೆಯತೊಡಗುತ್ತವೆ. ಗಾಳಿ ತಪ್ಪದೆ ಚೆಕ್ ಮಾಡಿಸುತ್ತೇನಲ್ಲ, ಆದರೂ ಏಕೆ ಹೀಗೆ ಎಂಬ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ. ಬಿಸಿ ಟೈರಿನಿಂದ ಗಾಳಿ ತೆಗೆಸಲೇಬಾರದು. ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿರುವ ಸಂಖ್ಯೆ ಕನಿಷ್ಠ ಮೂರು ಗಂಟೆ ನಿಂತ, ತಣ್ಣನೆಯ ಟೈರಿನದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ, ಅಷ್ಟು ತುಂಬಿಸಬೇಕೆಂದಲ್ಲ.

ಮನೆಯಲ್ಲಿ ಕಂಪ್ರೆಸರ್ ಇಲ್ಲದವರಿಗೆ ಒಂದು ದಾರಿಯಿದೆ. ಬೆಳಿಗ್ಗೆ ಕಾರು ತೆಗೆಯುವ ಮೊದಲು ನಿಮ್ಮ ಗೇಜಿನಲ್ಲಿ ಅಳೆಯಿರಿ. 33 ಇರಬೇಕಾದಲ್ಲಿ 29 ಇದ್ದರೆ ಕೊರತೆ 4. ಬಂಕಿಗೆ ಹೋಗುವಷ್ಟರಲ್ಲಿ ಟೈರು ತುಸು ಬಿಸಿಯಾಗಿ ಅಲ್ಲಿನ ಗೇಜು 31 ತೋರಿಸಿದರೆ 35ಕ್ಕೆ ತುಂಬಿಸಿ. ಕೊರತೆಯನ್ನು ಮಾತ್ರ ಸೇರಿಸುವುದರಿಂದ ದಾರಿಯ ಬಿಸಿಯೂ ಬಂಕಿನ ಗೇಜಿನಲ್ಲಿರುವ ಒಂದೇ ತೆರನಾದ ದೋಷವೂ ಲೆಕ್ಕದಿಂದ ಹೊರಬೀಳುತ್ತವೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿದರಾಯಿತು. ರಬ್ಬರಿನ ಮೂಲಕ ಗಾಳಿ ತಾನಾಗಿ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರುವುದರಿಂದ ಇದನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು.

ಘಟ್ಟ ಹತ್ತುವವರು ಎತ್ತರದ ಬಗ್ಗೆ ಕೇಳುವುದುಂಟು. ಗೇಜು ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಹೊರಗಿನ ಒತ್ತಡ ಇಳಿದು ಗೇಜು 1.5ರಷ್ಟು ಹೆಚ್ಚು ತೋರಿಸುತ್ತದೆ. ಬೆಂಗಳೂರಿನ ಬೆಳಗು ಆರು ಡಿಗ್ರಿ ತಂಪಾಗಿದ್ದರೆ ಸುಮಾರು 1 ಕಡಿಮೆಯಾಗುತ್ತದೆ. ಉಳಿಯುವುದು ಅರ್ಧ ಪಿಎಸ್‌ಐ, ಚಿಂತಿಸಬೇಕಾದುದೇನೂ ಇಲ್ಲ. ನೈಟ್ರೋಜನ್ ತುಂಬಿಸಿದರೂ ಬಿಸಿಯ ಲೆಕ್ಕ ಇದೇ. ಸೋರುವಿಕೆ ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ, ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವಿದ್ದರೂ ಗೇಜು ಬೇಕು. ಅಮೆರಿಕದ ನಿಯಮದ ಪ್ರಕಾರ ಆ ದೀಪ ಹೊತ್ತಿಕೊಳ್ಳಬೇಕಾದದ್ದು ಒತ್ತಡ ಶೇ 25 ಇಳಿದಾಗ. 33ರ ಟೈರು 25ರ ಹತ್ತಿರ ಬರುವವರೆಗೂ ಸುಮ್ಮನಿರುವ ದೀಪವನ್ನು ನೆಚ್ಚಿಕೊಂಡರೆ ಅಂಚುಗಳು ಅಷ್ಟರಲ್ಲಿ ಸವೆಯುತ್ತಲೇ ಇರುತ್ತವೆ.

ಗೇಜು ತಪ್ಪದೆ 33 ತೋರಿಸುತ್ತಿದ್ದರೂ ಎರಡೂ ಅಂಚು ಸವೆಯುತ್ತಿದ್ದರೆ ಗೇಜನ್ನೇ ಅನುಮಾನಿಸಿ, ಇನ್ನೊಂದರ ಜೊತೆ ಹೋಲಿಸಿ. ಸಾವಿರಾರು ಕಿಲೋಮೀಟರಿನ ಸರಾಸರಿ ಒತ್ತಡ ರಬ್ಬರಿನ ಮೇಲೆ ಅಚ್ಚಾಗಿರುತ್ತದೆ. ರಿಪೇರಿಗೆ ಹೋದಾಗ ಮೊದಲು ಸಡಿಲ ಕೀಲು, ಬುಷ್ಷುಗಳನ್ನು ಬದಲಿಸಿ, ಗಾಳಿ ಸರಿಮಾಡಿ, ಕೊನೆಗೆ ಅಲೈನ್‌ಮೆಂಟ್ ಮಾಡಿಸಬೇಕು. ಕೀಲು ಅಲುಗಾಡುತ್ತಿರುವಾಗ ಕೂರಿಸಿದ ಕೋನ ನಿಲ್ಲುವುದಿಲ್ಲ. ಮೊದಲಿನ ಮತ್ತು ಸರಿಪಡಿಸಿದ ನಂತರದ ಅಳತೆಗಳಿರುವ ಪ್ರಿಂಟನ್ನು ಕೇಳಿ ಪಡೆಯಿರಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಆಗಲೇ ಅಳೆಯಿರಿ. ಅದು ತೆಳುವಾದ ತಾತ್ಕಾಲಿಕ ಚಕ್ರವಾಗಿದ್ದರೆ ಸಾಮಾನ್ಯವಾಗಿ ಬೇಕಾದದ್ದು 33 ಅಲ್ಲ, 60 ಪಿಎಸ್‌ಐ.