ಲಾರಿ ತಗೊಳ್ಳೋ ಮುಂಚೆ ಮನೆಯಲ್ಲಿ ಕೂತು ಮಾಡಬೇಕಾದ ಲೆಕ್ಕ



ನಮ್ಮ ಸಂಜಯನಗರದ ಒಂದು ಕಡೆ ಹೆಬ್ಬಾಳದ ಬಳ್ಳಾರಿ ರಸ್ತೆ, ಇನ್ನೊಂದು ಕಡೆ ಯಶವಂತಪುರದ ಮಾರುಕಟ್ಟೆ ಮತ್ತು ಟ್ರಕ್ ಟರ್ಮಿನಲ್. ಬಳ್ಳಾರಿ ರಸ್ತೆ ಹಿಡಿದರೆ ಹೈದರಾಬಾದ್, ತುಮಕೂರು ರಸ್ತೆ ಹಿಡಿದರೆ ಪುಣೆ, ಮುಂಬೈ. ಹಾಗಾಗಿ ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ, ಮತ್ತೀಕೆರೆ ಕಡೆಯ ಸಂಘಗಳಲ್ಲಿ ಲಾರಿ ಓಡಿಸುವವರ, ಕ್ಲೀನರುಗಳ, ಲೋಡಿಂಗ್ ಕೆಲಸದವರ ಮನೆಯ ಹೆಣ್ಣುಮಕ್ಕಳು ಇರುವುದು ಸಹಜ. ಇಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: "ಎಷ್ಟು ದಿನ ಬೇರೆಯವರ ಗಾಡಿ ಓಡಿಸೋದು? ನಮ್ಮದೇ ಒಂದು ಲಾರಿ ಮಾಡ್ಕೊಳ್ಳೋಣ. ನೀನು ಸಂಘದಿಂದ ಸ್ವಲ್ಪ ಸಾಲ ತಗೊಂಡು ಬಾ, ಫೈನಾನ್ಸ್‌ನವರು ಹೇಳಿದ ಕಡೆ ಒಂದು ಸೈನ್ ಹಾಕು."

ಈ ಆಸೆ ತಪ್ಪಲ್ಲ. ಸ್ವಂತ ಗಾಡಿಯಿಂದ ಮಕ್ಕಳನ್ನು ಓದಿಸಿದವರು, ಮನೆ ಕಟ್ಟಿದವರು ಇದ್ದಾರೆ. ಒಂದೇ ಗಾಡಿಯ ಸಾಲಕ್ಕೆ ಒಡವೆ, ನಿವೇಶನ ಎರಡೂ ಕಳೆದುಕೊಂಡವರೂ ಇದ್ದಾರೆ. ಈ ವ್ಯತ್ಯಾಸಕ್ಕೆ ಅದೃಷ್ಟವೊಂದೇ ಕಾರಣ ಅಲ್ಲ. ಸೈನ್ ಹಾಕುವ ಮುಂಚೆ ಲೆಕ್ಕ ಹಾಕಿದ್ದರೋ ಇಲ್ಲವೋ ಎನ್ನುವುದೂ ಕಾರಣ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡೋಣ.

ರಸ್ತೆ ಮೇಲಿನ ಬದುಕು

ಮೊದಲು ಈ ಕೆಲಸ ಎಂಥದ್ದು ಎಂದು ತಿಳಿಯೋಣ. ದೂರದ ಊರಿಗೆ ಹೋದವರು ಹತ್ತು ಹದಿನೈದು ದಿನ ಮನೆಗೆ ಬರಲ್ಲ. ಹಗಲು ಹೊತ್ತು ಭಾರಿ ವಾಹನಗಳಿಗೆ ನಗರದೊಳಗೆ ನಿರ್ಬಂಧ ಇರುವುದರಿಂದ ಊರ ಹೊರಗೆ ಕಾಯಬೇಕು, ರಾತ್ರಿ ಓಡಿಸಬೇಕು. ಸರಕು ಇಳಿಸುವ ಕಡೆ ಒಂದೊಂದು ಸಲ ಎರಡು ದಿನ ಕಾದರೂ ಆ ಕಾಯುವಿಕೆಗೆ ಕೂಲಿ ಇರಲ್ಲ. ಡೀಸೆಲ್, ಸ್ಟೆಪ್ನಿ ಕಳುವಾಗುತ್ತದೆ ಎಂಬ ಭಯಕ್ಕೆ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ. ಬೆನ್ನುನೋವು, ಕಣ್ಣುರಿ, ಬಿಪಿ, ಸಕ್ಕರೆ ಕಾಯಿಲೆ ಇವೆಲ್ಲ ಹೀಗೆಯೇ ಶುರುವಾಗುವುದು.

ಕಾನೂನು ಏನು ಹೇಳಿದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಮಿತಿ ಹಾಕಿತ್ತು. 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳು ಅದರ ಜಾಗಕ್ಕೆ ಬಂದಿವೆ. ಆದರೆ ಹಳೆಯ ಕಾಯ್ದೆ ಕೂಡ ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿಗಳಿಗಷ್ಟೇ ಅನ್ವಯಿಸುತ್ತಿತ್ತು. ಒಂದು ಗಾಡಿಯ ಮಾಲೀಕನೇ ಡ್ರೈವರೂ ಆದಾಗ ಅವನಿಗೆ "ಸಾಕು, ಮಲಗು" ಎಂದು ಹೇಳುವವರು ಯಾರೂ ಇಲ್ಲ. ಕಂತಿನ ತಾರೀಖು ಮಾತ್ರ "ಓಡು" ಎನ್ನುತ್ತಿರುತ್ತದೆ.

ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಲೇಬೇಕು ಎಂಬ ನಿಯಮವನ್ನೂ 2018ರಲ್ಲಿ ತೆಗೆದುಹಾಕಿದರು. ಸತತ 17 ಗಂಟೆ ಎಚ್ಚರ ಇದ್ದ ಮನುಷ್ಯನ ಕೈಕಾಲು, ಕಣ್ಣು ಕೆಲಸ ಮಾಡುವ ರೀತಿ ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವನಂತೆ ನಿಧಾನವಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ನಮ್ಮ ದೇಶದ ಕಾನೂನಿನ ಮಿತಿ 0.03. ಅಂದರೆ ಕುಡಿಯದೇ ಇದ್ದರೂ ನಿದ್ದೆಗೆಟ್ಟವನು ಕುಡಿದವನಂತೆಯೇ ಓಡಿಸುತ್ತಾನೆ. ಆದ್ದರಿಂದ ಕಂತಿನ ಲೆಕ್ಕ ಬರೀ ಹಣದ ಲೆಕ್ಕ ಅಲ್ಲ, ಅದು ನಿದ್ದೆಯ ಲೆಕ್ಕವೂ ಹೌದು, ಜೀವದ ಲೆಕ್ಕವೂ ಹೌದು.

ನಾಲ್ಕು ದಾರಿಗಳು

ಒಂದು, ಸಂಬಳಕ್ಕೋ ಬಾಟಾಕ್ಕೋ ಓಡಿಸುವುದು. ಆದಾಯ ಕಡಿಮೆ, ಆದರೆ ಟೈರ್ ಒಡೆದರೆ ಖರ್ಚು ಮಾಲೀಕನದು.

ಎರಡು, ಲೀಸ್. ಮಾಲೀಕನಿಗೆ ತಿಂಗಳಿಗೆ ಇಷ್ಟು ಎಂದು ಕಟ್ಟಿ ಗಾಡಿ ಓಡಿಸುವುದು. ಮುಂಗಡ ಕಡಿಮೆ. ಆದರೆ ಲೋಡ್ ಸಿಗಲಿ ಸಿಗದಿರಲಿ ಹಣ ಕಟ್ಟಬೇಕು, ಕೊನೆಗೆ ಗಾಡಿ ನಮ್ಮದಾಗಲ್ಲ. ರಿಪೇರಿ ಯಾರದು, ವಿಮೆ ಯಾರದು, ಗಾಡಿ ಕೆಟ್ಟು ನಿಂತ ದಿನದ ಹಣ ಕಟ್ಟಬೇಕೋ ಬೇಡವೋ, ಮುಂಗಡ ಯಾವಾಗ ವಾಪಸ್ಸು, ಈ ನಾಲ್ಕೂ ಸ್ಟ್ಯಾಂಪ್ ಪೇಪರಿನಲ್ಲಿ ಬರೆದಿರಬೇಕು.

ಮೂರು, ಸಾಲ ಮಾಡಿ ಕೊಳ್ಳುವುದು. ಗಾಡಿ ನಮ್ಮ ಹೆಸರಿನಲ್ಲಿದ್ದರೂ ಆರ್‌ಸಿ ಪುಸ್ತಕದಲ್ಲಿ ಫೈನಾನ್ಸ್ ಹೆಸರು ಇರುತ್ತದೆ. ಪೂರ್ತಿ ತೀರಿದ ಮೇಲೆ ಅವರಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಟಿಒದಲ್ಲಿ ಆ ಹೆಸರು ತೆಗೆಸಬೇಕು. ಕೊನೆ ಕಂತು ಕಟ್ಟಿದ ಸಂತೋಷದಲ್ಲಿ ಈ ಕೆಲಸ ಮರೆತರೆ ಮುಂದೆ ಮಾರುವಾಗ ಕಷ್ಟ.

ನಾಲ್ಕು, "ನನ್ನ ಕಂತು ನೀನು ಕಟ್ಕೊಂಡು ಹೋಗು, ಗಾಡಿ ನಿಂದೇ" ಎಂಬ ಬಾಯಿಮಾತಿನ ವ್ಯವಹಾರ. ಇದು ಇಬ್ಬರಿಗೂ ಅಪಾಯ. ಕಂತು ಕಟ್ಟಿದವರ ಕೈಯಲ್ಲಿ ದಾಖಲೆ ಇರಲ್ಲ. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೆಸರು ಬದಲಾಯಿಸದೆ ಗಾಡಿ ಕೊಡಬೇಡಿ, ತಗೊಳ್ಳಲೂ ಬೇಡಿ.

ಈ ಕಷ್ಟ ನಮಗೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಂಪನಿಗಳೇ ಡ್ರೈವರುಗಳಿಗೆ "ಲೀಸಿಗೆ ತಗೊಂಡು ಓಡಿಸು, ಕಂತು ತೀರಿದರೆ ಗಾಡಿ ನಿನ್ನದು" ಎಂದು ಲಾರಿ ಕೊಡುವ ಪದ್ಧತಿ ಇದೆ. ಅಲ್ಲಿನ ಸರ್ಕಾರ ನೇಮಿಸಿದ ಸಮಿತಿ ಇದನ್ನು ಪರಿಶೀಲಿಸಿ, ಇಂಥ ಒಪ್ಪಂದಗಳನ್ನು ನಿಷೇಧಿಸಬೇಕು ಎಂದು 2025ರ ಜನವರಿಯಲ್ಲಿ ಶಿಫಾರಸು ಮಾಡಿತು. ಗಾಡಿಯೂ ಕಂಪನಿಯದು, ಲೋಡೂ ಕಂಪನಿಯದು ಆದಾಗ ಡ್ರೈವರಿಗೆ ಉಳಿಯುವುದು ಹೊಣೆ ಮಾತ್ರ.

ಬಡ್ಡಿಯ ಲೆಕ್ಕ

ಸಂಘದಲ್ಲಿ ನಾವು ಬಾಕಿ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತೇವೆ. ಲಾರಿ ಸಾಲದಲ್ಲಿ ಹಲವರು "ಫ್ಲಾಟ್" ಬಡ್ಡಿ ಹೇಳುತ್ತಾರೆ. ಉದಾಹರಣೆಗೆ 10 ಲಕ್ಷ ಸಾಲ, 4 ವರ್ಷ, ಫ್ಲಾಟ್ ಶೇಕಡಾ 10. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಬಡ್ಡಿ, ಒಟ್ಟು 14 ಲಕ್ಷ. 48 ಕಂತು, ಒಂದೊಂದು ಕಂತು 29,167 ರೂಪಾಯಿ. ಅಸಲು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ 10 ಲಕ್ಷಕ್ಕೇ ಲೆಕ್ಕ. ನಮ್ಮ ಸಂಘದ ರೀತಿ ಬಾಕಿ ಮೇಲಿನ ಬಡ್ಡಿಗೆ ತಿರುಗಿಸಿದರೆ ಇದು ಸುಮಾರು ಶೇಕಡಾ ಹದಿನೇಳೂವರೆ! ಹತ್ತು ಅಂದದ್ದು ಹತ್ತಲ್ಲ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಇಂಥ ಸಾಲ ಕೊಡುವ ಮುಂಚೆ "ಮುಖ್ಯ ಮಾಹಿತಿ ಪತ್ರ" ಕೊಡಬೇಕು. ಎಲ್ಲ ಶುಲ್ಕ ಸೇರಿಸಿ ವರ್ಷದ ನಿಜವಾದ ಬಡ್ಡಿ ಎಷ್ಟು ಎಂದು ಅದರಲ್ಲಿ ಇರಬೇಕು. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಆ ಕಾಗದ ಕೈಗೆ ಬರುವವರೆಗೂ ಪೆನ್ನು ಹಿಡಿಯಬೇಡಿ.

ಓಡಿಸುವ ಖರ್ಚು

ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್. ಲೋಡ್ ತುಂಬಿದ ಗಾಡಿ ಲೀಟರಿಗೆ 4 ಕಿಲೋಮೀಟರ್ ಕೊಡುತ್ತದೆ ಎಂದುಕೊಂಡರೆ ಹೋಗುವುದಕ್ಕೆ 210 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಂಡರೂ 18,900 ರೂಪಾಯಿ. ವಾಪಸ್ ಬರುವಾಗ ಲೋಡ್ ಸಿಗದೆ ಖಾಲಿ ಬಂದರೆ, ಲೀಟರಿಗೆ 5 ಕಿಲೋಮೀಟರ್ ಸಿಕ್ಕರೂ 168 ಲೀಟರ್, 15,120 ರೂಪಾಯಿ. ಒಂದು ಪೈಸೆ ಬಾಡಿಗೆ ಇಲ್ಲ, ಟೋಲ್ ಬೇರೆ. ಮೇಲೆ ಹೇಳಿದ ಕಂತಿನ ಅರ್ಧಕ್ಕಿಂತ ಹೆಚ್ಚು ಒಂದೇ ಖಾಲಿ ಪ್ರಯಾಣದಲ್ಲಿ ಹೋಯಿತು. ಆದ್ದರಿಂದ "ಹೋಗೋದಕ್ಕೆ ಲೋಡ್ ಇದೆಯಾ" ಎಂದು ಕೇಳಿದರೆ ಸಾಲದು, "ಬರೋದಕ್ಕೆ ಯಾರು ಕೊಡ್ತಾರೆ" ಎಂದು ಕೇಳಬೇಕು.

ಇನ್ನು ಟೈರು, ಆಯಿಲ್, ವಿಮೆ, ರಸ್ತೆ ತೆರಿಗೆ, ಪರ್ಮಿಟ್, ಬ್ರೋಕರ್ ಕಮಿಷನ್, ಕ್ಲೀನರ್ ಸಂಬಳ. ಫಿಟ್‌ನೆಸ್ ಸರ್ಟಿಫಿಕೇಟನ್ನು ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಸಾಮಾನ್ಯ ಲಾರಿಗೆ 12 ವರ್ಷ ದಾಟಿದ ಮೇಲೆ ನ್ಯಾಷನಲ್ ಪರ್ಮಿಟ್ ಸಿಗಲ್ಲ, ಮಲ್ಟಿ ಆಕ್ಸಲ್ ಗಾಡಿಗೆ 15. ಹತ್ತು ವರ್ಷದ ಹಳೇ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ನಾಲ್ಕು ವರ್ಷದ ಸಾಲ ಮಾಡಿದರೆ, ಕಂತು ಮುಗಿಯುವ ಮುಂಚೆಯೇ ಹೊರ ರಾಜ್ಯದ ಬಾಡಿಗೆ ನಿಂತುಹೋಗಬಹುದು.

ಕಂತು ಕಟ್ಟಲು ಹೆಚ್ಚು ಲೋಡ್ ಹಾಕೋಣ ಎಂದರೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000.

ನಮ್ಮ ಕೈಯಲ್ಲಿ ಇಲ್ಲದ ಖರ್ಚೂ ಬರುತ್ತದೆ. 2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಅದೇ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಗಾಡಿ ನಿಂತ ದಿನ ಕಂತು ನಿಲ್ಲಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗಲೂ ಆ ತಿಂಗಳುಗಳ ಬಡ್ಡಿ ಬೆಳೆಯುತ್ತಲೇ ಇತ್ತು. ಅದಕ್ಕೇ ಕನಿಷ್ಠ ಮೂರು ಕಂತಿನ ಹಣ ಬ್ಯಾಂಕಿನಲ್ಲಿ ಬೇರೆ ಇಟ್ಟುಕೊಂಡೇ ಗಾಡಿ ಇಳಿಸಿ.

ನಿಮ್ಮ ಸೈನ್, ನಿಮ್ಮ ಹೊಣೆ

"ಸುಮ್ನೆ ಒಂದು ಸೈನ್ ಅಷ್ಟೇ" ಎಂಬ ಮಾತನ್ನು ನಂಬಬೇಡಿ. ಜಾಮೀನು ಹಾಕಿದವರ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ಅವರನ್ನು ಬಿಟ್ಟು ನೇರ ನಿಮ್ಮನ್ನೇ ಕೇಳಬಹುದು. ಗಾಡಿ ಎಳೆದುಕೊಂಡು ಹೋಗಿ ಕಡಿಮೆ ಬೆಲೆಗೆ ಮಾರಿದರೆ ಉಳಿದ ಬಾಕಿಯೂ ನಿಮ್ಮ ತಲೆಗೆ ಬರುತ್ತದೆ. ಖಾಲಿ ಚೆಕ್ಕಿಗೆ ಸೈನ್ ಬೇಡವೇ ಬೇಡ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಾಡಿಯ ವಿಮೆಯಲ್ಲಿ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ "ಮಾಲೀಕ-ಚಾಲಕ"ನಿಗೆ ಮಾತ್ರ. ಅಂದರೆ ಆರ್‌ಸಿಯಲ್ಲಿ ಹೆಸರಿರುವವನೇ ಲೈಸೆನ್ಸ್ ಇಟ್ಟುಕೊಂಡು ಓಡಿಸುತ್ತಿರಬೇಕು. ಸಾಲ ಸಿಗಲಿ ಎಂದು ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿ ಯಜಮಾನರು ಓಡಿಸಿದರೆ ಈ ವಿಮೆ ಅವರಿಗೆ ಸಿಗಲ್ಲ. ಡ್ರೈವರಿಗೆ ಬೇರೆ ವಿಮೆ ಸೇರಿಸಿ ಎಂದು ಕೇಳಿ, ರಸೀದಿಯಲ್ಲಿ ಬರೆದಿದೆಯಾ ನೋಡಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಇದೆ, ಬ್ಯಾಂಕಿನಲ್ಲಿ ಮಾಡಿಸಿ. ರಾಜ್ಯದ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಡ್ರೈವರ್, ಕ್ಲೀನರ್ ಇಬ್ಬರ ನೋಂದಣಿಗೂ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಕಂತು ತಪ್ಪಿದರೆ

ಹೆದರಿ ಮೀಟರ್ ಬಡ್ಡಿಗೆ ಹೋಗಬೇಡಿ. ಮೊದಲ ಕಂತು ತಪ್ಪುವ ಮುಂಚೆಯೇ ಕಚೇರಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಅವಧಿ ಹೆಚ್ಚಿಸಲು ಕೇಳಿ. ಗೂಂಡಾಗಳನ್ನು ಬಿಟ್ಟು ಬಲವಂತವಾಗಿ ಗಾಡಿ ಕಿತ್ತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಿ ದೂರು ಕೊಡುವ ದಾರಿ ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಸಂಖ್ಯೆ 15100.

ಸಂಘದಲ್ಲಿ ಚರ್ಚಿಸಿ

ಸಂಘದ ಹಣ ಹತ್ತಿಪ್ಪತ್ತು ಮನೆಗಳ ಬೆವರು. ಅದು ಒಂದು ಲಾರಿಯ ಮುಂಗಡವಾಗಿ ಹೋಗಿ ಸಿಕ್ಕಿಹಾಕಿಕೊಂಡರೆ, ನಾಳೆ ಇನ್ನೊಬ್ಬ ಸದಸ್ಯೆಯ ಮಗುವಿಗೆ ಆಸ್ಪತ್ರೆ ಖರ್ಚು ಬಂದಾಗ ಪೆಟ್ಟಿಗೆ ಖಾಲಿ ಇರುತ್ತದೆ. ಹಾಗಂತ ಮುಖದ ಮೇಲೆ ಇಲ್ಲ ಅನ್ನುವುದೂ ಬೇಡ. ಈ ಪ್ರಶ್ನೆಗಳನ್ನು ಮುಂದಿಡಿ:

1. ಮುಂಗಡದಲ್ಲಿ ಸ್ವಂತ ಉಳಿತಾಯ ಎಷ್ಟು, ಸಾಲ ಎಷ್ಟು?
2. ಗಾಡಿಯ ವಯಸ್ಸು ಎಷ್ಟು? ಆರ್‌ಸಿ, ವಿಮೆ, ಫಿಟ್‌ನೆಸ್, ಬಾಕಿ ದಂಡ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದ್ದೀರಾ?
3. ಬಾಕಿ ಮೇಲೆ ಲೆಕ್ಕ ಹಾಕಿದ ಬಡ್ಡಿ ಎಷ್ಟು?
4. ವಾಪಸ್ ಲೋಡ್ ಯಾರು ಕೊಡುತ್ತಾರೆ? ಬಾಡಿಗೆ ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ?
5. ಗಾಡಿ ಒಂದು ತಿಂಗಳು ನಿಂತರೆ ಕಂತು ಎಲ್ಲಿಂದ?
6. ಓಡಿಸುವವರು ವಾರಕ್ಕೆ ಎಷ್ಟು ರಾತ್ರಿ ಮಲಗುತ್ತಾರೆ?

ಕೊನೆಯ ಪ್ರಶ್ನೆಯನ್ನು ಫೈನಾನ್ಸ್‌ನವರು ಕೇಳಲ್ಲ, ಬ್ರೋಕರ್ ಕೇಳಲ್ಲ. ಮನೆಯವರೇ ಕೇಳಬೇಕು. ಆರಕ್ಕೂ ಸರಿಯಾದ ಉತ್ತರ ಇದ್ದರೆ ಧೈರ್ಯವಾಗಿ ಮುಂದೆ ಹೋಗಿ. ಎರಡು ಮೂರಕ್ಕೆ ಉತ್ತರ ಇಲ್ಲದಿದ್ದರೆ ಇನ್ನೊಂದು ವರ್ಷ ಬಾಟಾಕ್ಕೆ ಓಡಿಸಿ, ಉಳಿತಾಯ ಬೆಳೆಸಿ. ಲಾರಿ ಮುಂದಿನ ವರ್ಷವೂ ಸಿಗುತ್ತದೆ.